ಸೇನಾ ಶಿಕ್ಷಣವೂ ಉದ್ಯೋಗಾಂತರವೂ



ಸೇನೆಗೆ ಸೇರಿದ ತರುಣನ ವಿಷಯದಲ್ಲಿ ನಾವು ಸಾಮಾನ್ಯವಾಗಿ ಎರಡು ಸುದ್ದಿಗಳನ್ನು ಮಾತ್ರ ಕೇಳುತ್ತೇವೆ. ಅವನು ಆಯ್ಕೆಯಾದನೆಂಬುದು ಮೊದಲನೆಯದು. ಸಮವಸ್ತ್ರ ತೊಟ್ಟು ರಜೆಯ ಮೇಲೆ ಊರಿಗೆ ಬಂದನೆಂಬುದು ಎರಡನೆಯದು. ಈ ಎರಡರ ನಡುವೆ ತರಬೇತು ಎಂಬ ದೀರ್ಘವಾದ, ಕಠಿನವಾದ ಒಂದು ಕಾಲವುಂಟು. ಅದನ್ನು ಎಲ್ಲರೂ ದಾಟುವುದಿಲ್ಲ. ಹಾಗೆಂದು ದಾಟಲಾರದವರೆಲ್ಲರೂ ಮನೆಗೆ ಮರಳುವುದೂ ಇಲ್ಲ. ಅವರಲ್ಲಿ ಹಲವರು ಅದೇ ಸೇನೆಯಲ್ಲಿ ಬೇರೊಂದು ಕೆಲಸಕ್ಕೆ ನೇಮಕವಾಗುತ್ತಾರೆ. ಈ ಉದ್ಯೋಗಾಂತರವು ಹೇಗೆ ನಡೆಯುತ್ತದೆ, ಅದರ ಹಿಂದಿರುವ ತತ್ತ್ವವೇನು, ಅದು ದೊರೆಯದೆ ಹೋದವರ ಗತಿಯೇನು ಎಂಬುದನ್ನು ಇಂದು ವಿಚಾರ ಮಾಡೋಣ.

ಈ ವಿಚಾರವು ಪಟ್ಟಣದಲ್ಲಿರುವ ನಮಗೆ ದೂರದ್ದೆಂದು ತೋರಬಹುದು. ಆದರೆ ಸೈದಾಪುರದಂತಹ ಊರನ್ನು ನೆನೆದುಕೊಂಡರೆ ಅದರ ಭಾರ ತಿಳಿಯುತ್ತದೆ. ರಾಯಚೂರಿನಿಂದ ಯಾದಗಿರಿಗೆ ಹೋಗುವ ರೈಲುದಾರಿಯಲ್ಲಿ ಸಿಕ್ಕುವ ಊರು ಅದು. ೧೯೪೮ರವರೆಗೆ ಆ ಪ್ರಾಂತವು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ೧೯೫೬ರಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಇಂದು ಯಾದಗಿರಿ ಜಿಲ್ಲೆಯಲ್ಲಿದೆ. ಮಳೆಯನ್ನು ನಂಬಿದ ಜೋಳ, ತೊಗರಿ, ಹತ್ತಿಗಳ ಸೀಮೆ. ಮಳೆ ಕೈಕೊಟ್ಟ ವರ್ಷ ಜನರು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುವುದುಂಟು. ಇಂತಹ ಕಡೆ ಒಬ್ಬ ಮಗನಿಗೆ ದಂಡಿನ ನೌಕರಿಯಾಯಿತೆಂದರೆ ಅದು ಒಂದು ಮನೆಯ ಸಂಬಳ ಮಾತ್ರವಲ್ಲ, ಒಂದು ಮನೆತನದ ಮರ್ಯಾದೆ. ಆ ಮಗನು ತರಬೇತಿನ ನಡುವೆ ತಡವರಿಸಿದನೆಂಬ ಸುದ್ದಿ ಬಂದರೆ ತಂದೆತಾಯಿಗಳು ಮೊದಲು ಕೇಳುವ ಮಾತು, "ಹಾಗಾದರೆ ವಾಪಸು ಕಳಿಸಿಬಿಡುತ್ತಾರೆಯೆ?" ಎಂಬುದೇ. ಉತ್ತರವು ಅವರು ಅಂಜಿದಷ್ಟು ಸರಳವಾಗಿಲ್ಲ.

ಸೇನೆಯ ತರಬೇತಿನಲ್ಲಿ ತಡೆದು ನಿಂತವನ ಮುಂದೆ ನಾಲ್ಕು ದಾರಿಗಳಿವೆ. ಮೊದಲನೆಯದು ಹಿಂಬಡ್ತಿ, ಎಂದರೆ ಅವನನ್ನು ತನಗಿಂತ ಕಿರಿಯ ತಂಡಕ್ಕೆ ಇಳಿಸಿ, ಅದೇ ಪಾಠವನ್ನು ಮತ್ತೊಮ್ಮೆ ಕಲಿಸುವುದು. ಗುಂಡು ಹೊಡೆಯುವುದರಲ್ಲೋ ಓಟದಲ್ಲೋ ಹಿಂದೆ ಬಿದ್ದವನಿಗೆ, ಕಾಲು ಉಳುಕಿ ಕೆಲವು ವಾರ ಆಸ್ಪತ್ರೆಯಲ್ಲಿದ್ದವನಿಗೆ ಇದು ಸಾಮಾನ್ಯವಾದ ದಾರಿ. ಎರಡನೆಯದು ವೃತ್ತಿಯ ಬದಲಾವಣೆ: ಒಂದು ಕೆಲಸಕ್ಕೆ ಒಗ್ಗದವನನ್ನು ಮತ್ತೊಂದಕ್ಕೆ ತಿರುಗಿಸುವುದು. ಮೂರನೆಯದು ಮೂಲ ಪಡೆಗೆ ಮರಳಿಸುವುದು: ತಾನಾಗಿ ಮುಂದೆ ಬಂದು ಹೆಚ್ಚು ಕಠಿನವಾದ ಪಡೆಯನ್ನು ಬಯಸಿದವನು ಅಲ್ಲಿ ನಿಲ್ಲಲಾರದಾಗ ತಾನು ಬಂದ ರೆಜಿಮೆಂಟಿಗೆ ಹಿಂದಿರುಗುತ್ತಾನೆ. ನಾಲ್ಕನೆಯದು ಬಿಡುಗಡೆ. ಊರಿನವರು ಮೊದಲು ನೆನೆಯುವುದು ಈ ನಾಲ್ಕನೆಯದನ್ನು. ಸೇನೆಯು ಸಾಮಾನ್ಯವಾಗಿ ಕೊನೆಗೆ ನೆನೆಯುವುದೂ ಅದನ್ನೇ.

ಮೂರನೆಯ ದಾರಿಗೆ ಉದಾಹರಣೆಯು ಬೆಂಗಳೂರಿನಲ್ಲಿಯೇ ಇದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತು ಕೇಂದ್ರವು ಅಲ್ಲಿದೆ. ಆ ಪಡೆಯ ಕೆಂಗಂದು ಬಣ್ಣದ ಟೊಪ್ಪಿಯನ್ನು ಧರಿಸಬೇಕಾದರೆ ಸಿಪಾಯಿಯು ಒಂದು ಪರೀಕ್ಷಾವಧಿಯನ್ನು ಕಳೆಯಬೇಕು. ನಿದ್ದೆಗೆಟ್ಟು, ಬೆನ್ನ ಮೇಲೆ ಹೊರೆ ಹೊತ್ತು, ಬಹುದೂರ ನಡೆದು ಓಡಿ ತನ್ನ ಶಕ್ತಿಯನ್ನು ತೋರಿಸಬೇಕು. ಬಂದವರಲ್ಲಿ ಬಹುಮಂದಿ ಹಿಂದಿರುಗುತ್ತಾರೆ. ಆದರೆ ಹಿಂದಿರುಗಿದವನು ಸಿಪಾಯಿಯಾಗಿಯೇ ಉಳಿಯುತ್ತಾನೆ. ಅವನ ಮೂಲ ರೆಜಿಮೆಂಟಿನಲ್ಲಿ ಅವನ ಬಂದೂಕು, ಅವನ ಹಾಸಿಗೆ ಅವನಿಗಾಗಿ ಇರುತ್ತವೆ. ಪ್ರಯತ್ನಿಸಿ ಬಂದನೆಂಬುದು ಅಲ್ಲಿ ಅಪಕೀರ್ತಿಯಲ್ಲ.

ಎರಡನೆಯ ದಾರಿ, ಎಂದರೆ ವೃತ್ತಿಯ ಬದಲಾವಣೆಯು, ವಾಯುಸೇನೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ವಿಮಾನಚಾಲಕನಾಗಲು ಬಂದ ಕೆಡೆಟ್ಟನು ಹೈದರಾಬಾದಿನ ಹತ್ತಿರದ ದುಂಡಿಗಲ್ಲಿನಲ್ಲಿ ಮೊದಲ ಹಾರಾಟವನ್ನು ಕಲಿಯುತ್ತಾನೆ. ಮುಂದೆ ಯುದ್ಧವಿಮಾನಕ್ಕೆ ತಕ್ಕವನೆಂದು ಕಂಡವನು ಹಾಕ್ ವಿಮಾನಗಳ ಮೇಲೆ ಪಳಗಲು ನಮ್ಮ ಬೀದರಿಗೆ ಬರುತ್ತಾನೆ. ಸಾಗಣೆಯ ವಿಮಾನಗಳ ಶಿಕ್ಷಣವು ಯಲಹಂಕದಲ್ಲಿ ನಡೆಯುತ್ತದೆ. ಹಾರಾಟದಲ್ಲಿ ಹಿಂದೆ ಬಿದ್ದ ಕೆಡೆಟ್ಟನನ್ನು ಒಂದೇ ದಿನದಲ್ಲಿ ಕೆಳಗಿಳಿಸಿಬಿಡುವುದಿಲ್ಲ. ಹೆಚ್ಚಿನ ಪಾಠ ಹೇಳುತ್ತಾರೆ. ಬೇರೊಬ್ಬ ಶಿಕ್ಷಕನೊಡನೆ ಹಾರಿಸಿ ನೋಡುತ್ತಾರೆ. ಹಿರಿಯ ಅಧಿಕಾರಿಯು ತಾನೇ ಕುಳಿತು ಪರೀಕ್ಷಿಸುತ್ತಾನೆ. ಆ ಮೇಲೂ ಆಗದೆಂದು ಕಂಡರೆ ಹಾರಾಟದ ಶಿಕ್ಷಣವು ನಿಲ್ಲುತ್ತದೆ. ಆಗ ಸ್ಥಾನವು ಖಾಲಿ ಇದ್ದು ಯೋಗ್ಯತೆಯೂ ಇದ್ದರೆ ಅವನನ್ನು ನೆಲದ ಮೇಲಿನ ಶಾಖೆಗಳಿಗೆ ಪರಿಗಣಿಸುವ ಪದ್ಧತಿಯಿದೆ. ಆಡಳಿತ, ಸರಬರಾಜು, ಲೆಕ್ಕಪತ್ರ, ಹವಾಮಾನ, ಶಿಕ್ಷಣ ಮೊದಲಾದವು ಆ ಶಾಖೆಗಳು. ಮೋಡದ ಲಕ್ಷಣವನ್ನು ಓದಿ ಹೇಳುವವನಿಲ್ಲದೆ, ಹಾರುವ ಹಾದಿಯನ್ನು ನೆಲದಿಂದ ನಿಯಂತ್ರಿಸುವವನಿಲ್ಲದೆ ಯಾವ ವಿಮಾನವೂ ಮೇಲೇರದು ಎಂಬುದನ್ನು ನಾವು ಮರೆಯಬಾರದು.

ಈ ಪದ್ಧತಿಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಾಮನ್‌ವೆಲ್ತ್ ದೇಶಗಳು ಕೆನಡದಲ್ಲಿ ಒಂದು ದೊಡ್ಡ ವೈಮಾನಿಕ ತರಬೇತಿ ಯೋಜನೆಯನ್ನು ನಡೆಸಿದವು. ೧೯೩೯ರ ಡಿಸೆಂಬರಿನಲ್ಲಿ ಒಪ್ಪಂದವಾದ ಆ ಯೋಜನೆಯಿಂದ ೧೯೪೫ರೊಳಗೆ ೧,೩೦,೦೦೦ಕ್ಕೂ ಹೆಚ್ಚು ಮಂದಿ ವೈಮಾನಿಕರು ಹೊರಬಂದರು. ಚಾಲಕರಾಗಲು ಬಂದು ಆಗದೆ ಹೋದ ಅನೇಕರನ್ನು ದಾರಿ ಗೊತ್ತುಮಾಡುವ ದಿಗ್ದರ್ಶಕರನ್ನಾಗಿಯೂ, ಬಾಂಬಿನ ಗುರಿಗಾರರನ್ನಾಗಿಯೂ, ನಿಸ್ತಂತು ಸಂದೇಶಗಾರರನ್ನಾಗಿಯೂ ಅಲ್ಲಿ ತಿರುಗಿಸಿದರು. ಅದೇ ಯುದ್ಧಕಾಲದಲ್ಲಿ ಭಾರತೀಯ ವಾಯುಸೇನೆಯ ಪ್ರಾಥಮಿಕ ಹಾರಾಟದ ಶಾಲೆಗಳಲ್ಲಿ ಒಂದು ನಿಜಾಮರ ಸಂಸ್ಥಾನದ ಬೇಗಂಪೇಟೆಯಲ್ಲಿದ್ದಿತು. ಸೈದಾಪುರದ ಹೊಲಗಳು ಆಗ ಅದೇ ಸಂಸ್ಥಾನದ ನೆಲವಾಗಿದ್ದವು.

ಇದರ ಹಿಂದಿನ ತತ್ತ್ವವು ಎರಡು ಬಗೆಯದು. ಒಂದು ಮಿತವ್ಯಯ: ಆರಿಸಿ, ಉಣಿಸಿ, ಉಡಿಸಿ, ಶಿಸ್ತು ಕಲಿಸಿದ ಮನುಷ್ಯನನ್ನು ಒಂದು ಕುಶಲತೆ ಬಾರದೆಂಬ ಕಾರಣಕ್ಕೆ ಬಿಸಾಡುವುದು ದುಂದು. ಇನ್ನೊಂದು ಮನುಷ್ಯಸ್ವಭಾವದ ಅರಿವು: ಕೈ ಕಣ್ಣುಗಳ ಚುರುಕು ಬೇರೆ, ಬುದ್ಧಿಯ ಚುರುಕು ಬೇರೆ, ಎದೆಗಾರಿಕೆಯೇ ಬೇರೆ. ಸೇನೆಯ ವೈದ್ಯರು ಸಿಪಾಯಿಯ ಯೋಗ್ಯತೆಯನ್ನು ಮನಃಸ್ಥಿತಿ, ಶ್ರವಣ, ಕೈಕಾಲು, ದೇಹಶಕ್ತಿ, ದೃಷ್ಟಿ ಎಂದು ಐದು ಭಾಗ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಅಂಕವನ್ನು ಬರೆಯುತ್ತಾರೆ. ಮನುಷ್ಯನು ಒಟ್ಟಿಗೆ ಸೋಲುವುದಿಲ್ಲ, ಒಂದೊಂದು ಭಾಗದಲ್ಲಿ ಮಾತ್ರ ಸೋಲುತ್ತಾನೆ ಎಂಬ ವಿವೇಕವು ಆ ಪಟ್ಟಿಯಲ್ಲಿದೆ.

ಹೀಗಿದ್ದರೂ ಈ ವಿವೇಕವು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಸಿಪಾಯಿಯಾಗಿ ಭರ್ತಿಯಾದವನು ಸೇನಾ ಕಾನೂನಿಗೆ ಒಳಪಟ್ಟ ಯೋಧನೇ ಆಗುತ್ತಾನೆ. ಅಧಿಕಾರಿಯಾಗಲು ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಂತಹ ಸಂಸ್ಥೆಗೆ ಸೇರಿದ ಕೆಡೆಟ್ಟನಾದರೋ ಶಿಕ್ಷಣವು ಪೂರ್ಣವಾಗಿ ಅಧಿಕಾರಪತ್ರ ಕೈಗೆ ಬರುವವರೆಗೆ ಅಧಿಕಾರಿಯಲ್ಲ. ಆದುದರಿಂದ ಕವಾಯತಿನಲ್ಲಿ ಬಿದ್ದು ಬೆನ್ನೆಲುಬು ಮುರಿದುಕೊಂಡ ಕೆಡೆಟ್ಟನು ಮಾಜಿ ಸೈನಿಕನೆಂಬ ಹೆಸರಿಗೂ ಬಾಧ್ಯನಾಗದೆ ಮನೆ ಸೇರಬೇಕಾಗಿ ಬಂದಿದೆ. ೧೯೮೫ರಿಂದೀಚೆಗೆ ಸುಮಾರು ೫೦೦ ಮಂದಿ ಕೆಡೆಟ್ಟರು ಹೀಗೆ ಬಿಡುಗಡೆ ಹೊಂದಿದರೆಂದು ೨೦೨೫ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅದೇ ವರ್ಷದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು. ಪೀಠದಲ್ಲಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು, ನ್ಯಾಯಮೂರ್ತಿ ಆರ್. ಮಹಾದೇವನ್ ಅವರು. ಕೆಡೆಟ್ಟರಿಗೆ ವಿಮೆಯ ರಕ್ಷಣೆಯನ್ನು ಏಕೆ ಕೊಡಬಾರದು, ಚಿಕಿತ್ಸೆಯ ಮೇಲೆ ಸೇನೆಯಲ್ಲಿಯೇ ಮೇಜಿನ ಕೆಲಸವನ್ನು ಏಕೆ ಕೊಡಬಾರದು ಎಂದು ಪೀಠವು ಸರಕಾರವನ್ನು ಕೇಳಿತು. ಆ ತಿಂಗಳು ಮುಗಿಯುವುದರೊಳಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಈ ಕೆಡೆಟ್ಟರಿಗೂ ವಿಸ್ತರಿಸುವ ಆಜ್ಞೆ ಹೊರಟಿತು.

ಮೇಜಿನ ಕೆಲಸದ ಈ ಪ್ರಶ್ನೆಯೇ ನಮ್ಮ ವಿಷಯದ ತಿರುಳು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೦ನೆಯ ವಿಧಿಯು, ಸರಕಾರಿ ನೌಕರನು ಸೇವೆಯಲ್ಲಿದ್ದಾಗ ಅಂಗವಿಕಲನಾದರೆ ಅವನನ್ನು ತೆಗೆದುಹಾಕದೆ ಅದೇ ಸಂಬಳದ ಬೇರೆ ಸ್ಥಾನಕ್ಕೆ ಬದಲಾಯಿಸಬೇಕೆಂದು ಹೇಳುತ್ತದೆ. ಆದರೆ ಸರಕಾರಿ ಪ್ರಕಟಣೆಯಿಂದ ಸೇನೆಯ ಯೋಧರ ಸ್ಥಾನಗಳನ್ನು ಆ ವಿಧಿಯಿಂದ ಹೊರತುಪಡಿಸಲಾಯಿತು. ಯುದ್ಧಭೂಮಿಯಲ್ಲಿ ದುರ್ಬಲ ಶರೀರಕ್ಕೆ ಎಡೆಯಿಲ್ಲವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಸೇನೆಯೆಂಬುದು ಯುದ್ಧಭೂಮಿಯೊಂದೇ ಅಲ್ಲ. ಉಗ್ರಾಣ, ಕಚೇರಿ, ಪಾಠಶಾಲೆ, ಕಾರ್ಯಾಗಾರಗಳೂ ಅದರಲ್ಲಿವೆ. ಹಾರಲಾರದವನಿಗೆ ಅಲ್ಲಿ ಒಂದು ಕುರ್ಚಿ ಇರಬಹುದಾದರೆ, ಹಾರಲು ಕಲಿಯುವಾಗ ಬಿದ್ದವನಿಗೂ ಇರಬಹುದೆಂಬುದು ನ್ಯಾಯವಾಗಿ ತೋರುತ್ತದೆ.

ಸೈದಾಪುರದ ಸೀಮೆಯ ತರುಣರಿಗೆ ಇನ್ನೊಂದು ಲೆಕ್ಕವೂ ಉಂಟು. ಯಾದಗಿರಿ ಜಿಲ್ಲೆಯ ಭೂಸೇನೆಯ ಭರ್ತಿಯು ಬೆಳಗಾವಿಯ ಕಚೇರಿಗೆ ಸೇರಿದೆ. ೨೦೨೨ರ ಜೂನಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇರಿದವನ ಸೇವೆಯು ನಾಲ್ಕು ವರ್ಷ. ತರಬೇತಿನ ಕಾಲವೂ ಅದರಲ್ಲಿಯೇ ಸೇರಿರುತ್ತದೆ. ಆ ಯೋಜನೆಯ ನಿಯಮದಂತೆ ಖಾಯಂ ಸೇವೆಗೆ ಉಳಿಯುವವರು ನೂರಕ್ಕೆ ೨೫ಕ್ಕೆ ಮೀರರು. ಆದುದರಿಂದ ಕಿರಿಯ ತಂಡಕ್ಕೆ ಇಳಿದು ಕಳೆದ ತಿಂಗಳುಗಳು, ಹೊಸ ವೃತ್ತಿಯನ್ನು ಮೊದಲಿನಿಂದ ಕಲಿಯುವ ತಿಂಗಳುಗಳು, ತನ್ನ ಗುಣವನ್ನು ತೋರಿಸಿಕೊಳ್ಳುವ ಅಲ್ಪಕಾಲದಲ್ಲಿಯೇ ಕಳೆದುಹೋಗುತ್ತವೆ. ಸೇನೆಯ ಹಿತಕ್ಕೆ ಬೇಕಾದಂತೆ ಯಾವ ರೆಜಿಮೆಂಟಿಗಾದರೂ ವರ್ಗಾಯಿಸಬಹುದೆಂಬ ಷರತ್ತಿಗೂ ಅವನು ಒಪ್ಪಿರುತ್ತಾನೆ. ಸೇವೆಯ ಕಾರಣದಿಂದಲೇ ಅಂಗವಿಕಲನಾದ ಅಗ್ನಿವೀರನಿಗೆ ಊನದ ಪ್ರಮಾಣವನ್ನು ನೋಡಿ ೪೪, ೨೫ ಅಥವಾ ೧೫ ಲಕ್ಷ ರೂಪಾಯಿಗಳ ಪರಿಹಾರವನ್ನು ನಿಯಮವು ಹೇಳಿದೆ. ಇವೆಲ್ಲವನ್ನೂ ಭರ್ತಿಯ ದಿನಕ್ಕೆ ಮುಂಚೆಯೇ ಓದಿ ತಿಳಿದುಕೊಂಡವನು ಬುದ್ಧಿವಂತ.

ಆದಕಾರಣ ಓದುಬರಹ ಬಲ್ಲ ನಗರವಾಸಿಗಳಾದ ನಮ್ಮ ಮೇಲೆ ಎರಡು ಸಣ್ಣ ಕರ್ತವ್ಯಗಳಿವೆ. ನಮ್ಮ ಊರುಕೇರಿಗಳಿಂದ ಸೇನೆಗೆ ಹೊರಟ ಹುಡುಗನಿಗೆ ಷರತ್ತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಒಂದು. ಗಾಯವಾದ ದಿನವೇ ಅದನ್ನು ದಾಖಲೆ ಮಾಡಿಸಬೇಕು, ವೈದ್ಯಮಂಡಲಿಯ ಕಾಗದದ ನಕಲನ್ನು ಇಟ್ಟುಕೊಳ್ಳಬೇಕು, ತೀರ್ಮಾನವು ಒಪ್ಪಿಗೆಯಾಗದಿದ್ದರೆ ಅವಧಿಯೊಳಗೆ ಮೇಲ್ಮನವಿ ಮಾಡಬೇಕು ಎಂಬ ಮಾತು ಅವನಿಗೆ ಯಾವ ಆಶೀರ್ವಾದಕ್ಕಿಂತಲೂ ಕಡಿಮೆಯದಲ್ಲ. ಇನ್ನೊಂದು, ಕೆಲಸ ಬದಲಾಗಿ ಬಂದವನನ್ನು ನಾವು ಮಾತನಾಡಿಸುವ ರೀತಿ. ಬಂದೂಕು ಹಿಡಿಯಲು ಹೋದವನು ಉಗ್ರಾಣದ ಬೀಗದ ಕೈ ಹಿಡಿದು ಬಂದರೆ, "ಏಕೆ ಹೀಗಾಯಿತು?" ಎಂದು ಕೇಳುವುದಕ್ಕೆ ಮೊದಲು "ಈಗ ಏನು ಕಲಿಯುತ್ತಿದ್ದೀಯಪ್ಪ?" ಎಂದು ಕೇಳುವುದು ಲೇಸು. ಸೇನೆಯು ಅವನಿಗೆ ಎರಡನೆಯ ಕೆಲಸವೊಂದನ್ನು ಕೊಟ್ಟಿದೆ; ಅದರಲ್ಲಿ ಅವನು ತಲೆಯೆತ್ತಿ ನಿಲ್ಲುವಂತೆ ಮಾಡುವುದು ಊರಿನ ಕೈಯಲ್ಲಿದೆ.