ಅಧಿವೇಶನ ಮುಗಿದ ಮೇಲೆ ಶಾಸಕರ ಕೆಲಸವೇನು?



ಬೀಜ, ಗೊಬ್ಬರ, ಔಷಧಿ ಸಿಂಪಡಣೆ ಇವುಗಳ ವಿಚಾರವಾಗಿ ತಮ್ಮೊಡನೆ ಎಷ್ಟೋ ಸಾರಿ ಮಾತನಾಡಿದ್ದೇನೆ. ಈ ದಿವಸ ಅವನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಿಮ್ಮ ಹೊಲ ಗದ್ದೆಗೇ ಸಂಬಂಧಪಟ್ಟ ಇನ್ನೊಂದು ವಿಷಯವನ್ನು ತಿಳಿಸಬೇಕೆಂದಿದ್ದೇನೆ.

ನಮ್ಮ ಹೋಬಳಿಯಲ್ಲಿ ಒಂದು ಸಭೆ ನಡೆಯಿತು. ವಿಧಾನಸಭೆಯ ಅಧಿವೇಶನ ಮುಗಿಸಿಕೊಂಡು ಬಂದ ಶಾಸಕರು, ಅಲ್ಲಿ ಏನೇನು ಚರ್ಚೆಯಾಯಿತು, ತಾವು ಏನು ಕೇಳಿದೆವು, ಮಂತ್ರಿಗಳು ಏನು ಉತ್ತರ ಕೊಟ್ಟರು ಎಂಬುದನ್ನು ಊರ ಜನಕ್ಕೆ ಒಪ್ಪಿಸಿದರು. ಅವರು ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದು ನಿಂತು, "ಎಲ್ಲಾ ಸರಿ ಸ್ವಾಮಿ. ಸೆಷನ್ನು ಮುಗೀತಲ್ಲ, ಇನ್ನು ಮುಂದಿನ ಸಾರಿ ಅಲ್ಲಿ ಬಾಗಿಲು ತೆಗೆಯೋತನಕ ನಮ್ಮ ಕೆಲಸ ಯಾರು ನೋಡ್ತಾರೆ?" ಎಂದು ಕೇಳಿದರು. ಜನ ನಕ್ಕರು. ಆದರೆ ಅದು ನಕ್ಕು ಬಿಟ್ಟುಬಿಡುವ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಗೊತ್ತಿಲ್ಲದೆ ನಷ್ಟಪಟ್ಟ ರೈತರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರ ನಷ್ಟಕ್ಕೆ ನಾನೇ ಸ್ವಲ್ಪ ಕಾರಣನೂ ಆಗಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ನಮ್ಮ ರಾಜ್ಯದ ವಿಧಾನಸಭೆಗೆ ನಾವು ಆರಿಸಿ ಕಳಿಸುವವರು 224 ಮಂದಿ. ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿ 75 ಮಂದಿ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ 6 ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು ಎಂದು ಸಂವಿಧಾನದ 174ನೆಯ ವಿಧಿ ಹೇಳುತ್ತದೆ. ವರ್ಷಕ್ಕೆ ಕಡಿಮೆಯೆಂದರೆ 60 ದಿನ ಸಭೆ ಸೇರಬೇಕು ಎಂದು ನಮ್ಮ ರಾಜ್ಯದಲ್ಲೇ 2005ರಲ್ಲಿ ಒಂದು ಕಾಯಿದೆ ಆಯಿತು. ಎಷ್ಟೋ ವರ್ಷ ಅಷ್ಟು ದಿನವೂ ಸೇರಿಲ್ಲ. ಸೇರಿದರೆಂದೇ ಇಟ್ಟುಕೊಳ್ಳಿ. 365ರಲ್ಲಿ 60 ಕಳೆದರೆ ಉಳಿಯುವುದು 305 ದಿನ. ಈ 305 ದಿನದಲ್ಲಿ ನಿಮ್ಮ ಶಾಸಕರ ಪಾಲಿಗೆ ಬರುವ ಕೆಲಸಗಳಲ್ಲಿ ಬಹಳಷ್ಟು ನಿಮ್ಮ ಪಹಣಿ, ನಿಮ್ಮ ನಾಲೆ, ನಿಮ್ಮ ಊರಿನ ರಸ್ತೆ ಇವುಗಳಿಗೆ ಸೇರಿದ್ದು.

ಹೀಗೆ ಊರಿನ ಜನಕ್ಕೆ ಲೆಕ್ಕ ಒಪ್ಪಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1881ನೆಯ ಇಸವಿ ಅಕ್ಟೋಬರಿನಲ್ಲಿ, ದಸರಾ ಸಮಯದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ದಿವಾನರಾಗಿದ್ದ ರಂಗಾಚಾರ್ಲು ಅವರು ತಾಲ್ಲೂಕು ತಾಲ್ಲೂಕುಗಳಿಂದ ಬಂದ ಜಮೀನುದಾರರು, ವರ್ತಕರು ಮೊದಲಾದ 144 ಮಂದಿ ಪ್ರತಿನಿಧಿಗಳ ಮುಂದೆ ಸರ್ಕಾರದ ಆದಾಯ, ಖರ್ಚು, ಕೆಲಸಕಾರ್ಯಗಳ ವರದಿಯನ್ನು ಓದಿದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಆದರೂ ಸರ್ಕಾರ ತಾನು ಮಾಡಿದ್ದನ್ನು ಜನರ ಮುಂದೆ ಹೇಳಬೇಕು, ಜನ ತಮ್ಮ ಕಷ್ಟವನ್ನು ಸರ್ಕಾರದ ಮುಂದೆ ಹೇಳಬೇಕು ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. ಹೇಳುವುದು ಒಂದು ಕಡೆ, ಕೇಳುವುದು ಇನ್ನೊಂದು ಕಡೆ. ಎರಡೂ ಸೇರಿದರೇನೇ ಅದು ಸಭೆ. ಬರೀ ಒಬ್ಬರು ಮಾತಾಡಿ ಹೋದರೆ ಅದು ಭಾಷಣ.

ಈಗ ಅಧಿವೇಶನ ಇಲ್ಲದ ದಿನಗಳಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸಮಿತಿಗಳ ಕೆಲಸ. ಶಾಸಕರನ್ನು ಸಣ್ಣ ಸಣ್ಣ ಸಮಿತಿಗಳಾಗಿ ಮಾಡಿರುತ್ತಾರೆ. ಸರ್ಕಾರ ಖರ್ಚು ಮಾಡಿದ ಹಣವನ್ನು ಲೆಕ್ಕಪತ್ರ ಸಮಿತಿ ನೋಡುತ್ತದೆ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು "ಮಾಡಿಸಿಕೊಡುತ್ತೇವೆ" ಎಂದರೆ, ಆ ಮಾತು ನಡೆಯಿತೋ ಇಲ್ಲವೋ ಎಂದು ನೋಡುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಊರಿನ ಜನಸಭೆಯಲ್ಲಿ ಕೊಟ್ಟ ಮಾತಿಗೂ ಸದನದಲ್ಲಿ ಕೊಟ್ಟ ಮಾತಿಗೂ ಇರುವ ವ್ಯತ್ಯಾಸ ಇದೇ. ಸದನದ ಮಾತು ಕಡತಕ್ಕೆ ಹೋಗುತ್ತದೆ, ಅದರ ಬೆನ್ನು ಹತ್ತುವವರು ಇರುತ್ತಾರೆ. ಜನರ ಮನವಿಗಳನ್ನು ನೋಡುವುದಕ್ಕೆ ಅರ್ಜಿಗಳ ಸಮಿತಿಯೂ ಉಂಟು. ಈ ಸಮಿತಿಗಳೆಲ್ಲ ಅಧಿವೇಶನ ಇಲ್ಲದಾಗಲೂ ಸೇರುತ್ತವೆ, ಅಧಿಕಾರಿಗಳನ್ನು ಕರೆಸಿ ಕೇಳುತ್ತವೆ.

ಎರಡನೆಯದು ಸುಗ್ರೀವಾಜ್ಞೆ. ಸದನ ಸೇರದ ಸಮಯದಲ್ಲಿ ಅವಸರದ ಕಾನೂನು ಬೇಕೆಂದರೆ, ಮಂತ್ರಿಮಂಡಲದ ಸಲಹೆಯ ಮೇಲೆ ರಾಜ್ಯಪಾಲರು ಹೊರಡಿಸುವ ಆಜ್ಞೆ ಇದು. ಹೊರಡಿಸಿದ ಕೂಡಲೆ ಕಾನೂನಿನಂತೆಯೇ ನಡೆಯುತ್ತದೆ. ಸದನ ಮತ್ತೆ ಸೇರಿ 6 ವಾರವಾಗುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. 2020ರ ಜುಲೈ ತಿಂಗಳನ್ನು ನೆನಪಿಗೆ ತಂದುಕೊಳ್ಳಿ. ಕೃಷಿಕರಲ್ಲದವರು ವ್ಯವಸಾಯದ ಜಮೀನು ಕೊಳ್ಳುವುದಕ್ಕೆ ಇದ್ದ ತಡೆಯನ್ನು, ಅಂದರೆ 1961ರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು, ತೆಗೆದುಹಾಕಿದ್ದು ಸುಗ್ರೀವಾಜ್ಞೆಯ ಮೂಲಕ. ಆಗ ಅಧಿವೇಶನ ನಡೆಯುತ್ತಿರಲಿಲ್ಲ. ವಿಧಾನಸಭೆ ಅದರ ಮಸೂದೆಯನ್ನು ಒಪ್ಪಿದ್ದು ಸೆಪ್ಟೆಂಬರಿನಲ್ಲಿ, ವಿಧಾನ ಪರಿಷತ್ತು ಒಪ್ಪಿದ್ದು ಡಿಸೆಂಬರಿನಲ್ಲಿ. ಆ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ, ಅದನ್ನು ನೀವು ನೀವೇ ಯೋಚಿಸಿಕೊಳ್ಳಿ. ನಾನು ಹೇಳುವುದಿಷ್ಟೆ: ಜುಲೈಗೂ ಡಿಸೆಂಬರಿಗೂ ನಡುವೆ 5 ತಿಂಗಳು ಇತ್ತು. ಬೇಕೆಂದವರಿಗೂ ಬೇಡವೆಂದವರಿಗೂ ತಮ್ಮ ಶಾಸಕರಿಗೆ ಮಾತು ಮುಟ್ಟಿಸುವುದಕ್ಕೆ ಆ 5 ತಿಂಗಳೇ ಕಾಲ.

ಮೂರನೆಯದು ನೀರು. ನಾಲೆಗೆ ಯಾವತ್ತು ನೀರು ಬಿಡಬೇಕು, ಎಷ್ಟು ದಿನ ಬಿಡಬೇಕು, ಕಟ್ಟು ಪದ್ಧತಿಯಲ್ಲಿ ಬಿಡಬೇಕೋ ಪೂರ್ತಿ ಬಿಡಬೇಕೋ ಎಂಬುದೆಲ್ಲ ಮಾತಿಗೆ ಬರುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಅಲ್ಲಿ ಎಂಜಿನಿಯರುಗಳ ಜೊತೆ ಅಚ್ಚುಕಟ್ಟಿನ ಶಾಸಕರೂ ಕೂರುತ್ತಾರೆ. 2024ರಲ್ಲಿ ಮಳೆಗಾಲದ ಅಧಿವೇಶನ ಜುಲೈ ತಿಂಗಳಲ್ಲೇ ಮುಗಿದಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ ಜಲಾಶಯದ ನೀರು ನದಿಯ ಪಾಲಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಭತ್ತದ ಗದ್ದೆಯವರ ಎದೆ ಒಡೆಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಆ ವಾರದ ತೀರ್ಮಾನಗಳಿಗೆ ಸದನದ ಗಂಟೆ ಕಾಯುತ್ತಾ ಕೂರುವುದಕ್ಕೆ ಆಗುತ್ತಿತ್ತೇ? ಎಲ್ಲವೂ ಆಗಿದ್ದು ಅಣೆಕಟ್ಟಿನ ಮೇಲೆ, ಕಚೇರಿಗಳಲ್ಲಿ, ಸಮಿತಿಗಳಲ್ಲಿ. ನಾಲೆಯ ಕೊನೆಭಾಗದಲ್ಲಿ ಜಮೀನು ಇರುವವರು ಇದನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಲಹಾ ಸಮಿತಿ ಸೇರುವ ಮುಂಚೆಯೇ ನಿಮ್ಮ ತೂಬಿಗೆ ನೀರು ಮುಟ್ಟುತ್ತಿಲ್ಲ ಎಂಬುದು ಶಾಸಕರಿಗೆ ಗೊತ್ತಿರಬೇಕು. ನಾಟಿ ಒಣಗಿದ ಮೇಲೆ ಹೇಳಿದರೆ ಪ್ರಯೋಜನವೇನು?

ನಾಲ್ಕನೆಯದು ತಾಲ್ಲೂಕಿನ ಕೆಲಸ. ತಾಲ್ಲೂಕು ಮಟ್ಟದ ಕೆ.ಡಿ.ಪಿ. ಸಭೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಬಿತ್ತನೆ ಬೀಜ ಎಷ್ಟು ಬಂತು, ಗೊಬ್ಬರ ಎಷ್ಟು ದಾಸ್ತಾನಿದೆ, ಬೆಳೆ ಪರಿಹಾರ ಯಾರ ಖಾತೆಗೆ ಜಮೆಯಾಗಿಲ್ಲ ಎಂದು ಅಲ್ಲಿ ಕೇಳಿದರೆ ನಮ್ಮ ಇಲಾಖೆಯವರೂ ಎದ್ದು ನಿಂತು ಉತ್ತರ ಕೊಡಬೇಕು. ನಾನೂ ಆ ಸಭೆಗೆ ಅಂಕಿ-ಅಂಶ ಬರೆದುಕೊಟ್ಟವನೇ. ಶಾಸಕರ ಕೈಯಲ್ಲಿ ಒಂದು ಹಳ್ಳಿಯ ಹೆಸರು, ಒಂದು ತಾರೀಖು ಇದ್ದರೆ ನಮ್ಮ ಉತ್ತರ ಬಹಳ ಜೋಪಾನವಾಗಿರುತ್ತದೆ, ಇದು ಸತ್ಯ! ಇದಲ್ಲದೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಯಾವ ಕೆಲಸ ಆಗಬೇಕೆಂದು ಶಾಸಕರು ಸೂಚಿಸುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಗಳ ಮೂಲಕ ನಡೆಯುತ್ತದೆ.

ಐದನೆಯದು ಬಗರ್ ಹುಕುಂ ಸಮಿತಿ. ಸರ್ಕಾರಿ ಜಮೀನನ್ನು ಬಹಳ ಕಾಲದಿಂದ ಉತ್ತುಕೊಂಡು ಬಂದವರ ಅರ್ಜಿಗಳನ್ನು ಭೂಕಂದಾಯ ಕಾಯಿದೆಯ ಪ್ರಕಾರ ಈ ಸಮಿತಿ ನೋಡುತ್ತದೆ. ನಮೂನೆ 50, 53, 57 ಎಂದು ನೀವೆಲ್ಲ ಹೇಳುತ್ತೀರಲ್ಲ, ಅದೇ. ಇದರ ಅಧ್ಯಕ್ಷರು ಶಾಸಕರು, ಕಾರ್ಯದರ್ಶಿ ತಹಶೀಲ್ದಾರರು. ಎಲ್ಲಾ ಜಮೀನೂ ಕೊಡುವುದಕ್ಕೆ ಬರುವುದಿಲ್ಲ, ಅರಣ್ಯದ ಜಮೀನಂತೂ ಬರುವುದೇ ಇಲ್ಲ.

ನನ್ನ ತಪ್ಪಿನ ಮಾತು ಬರುವುದು ಇಲ್ಲೇ. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರೈತರು ರಾಗಿ ಬೀಜ ಒಯ್ಯಲು ಬಂದವರು ಜೇಬಿನಿಂದ ಒಂದು ಕಾಗದ ತೆಗೆದು, "ಇದರಾಗೆ ಏನು ಬರೆದವ್ರೆ ನೋಡಿ ಸಾರ್" ಎಂದರು. ಬಗರ್ ಹುಕುಂ ಅರ್ಜಿಗೆ ಇನ್ನೊಂದು ದಾಖಲೆ ತಂದುಕೊಡಿ ಎಂದು ಅದರಲ್ಲಿತ್ತು. ಆಗ ತಾನೆ ಅಧಿವೇಶನ ಮುಗಿದಿತ್ತು. ನಾನು ತಿಳಿದವನ ಹಾಗೆ, "ಈಗ ಏನೂ ಆಗೋದಿಲ್ಲ ಯಜಮಾನರೇ, ಮುಂದಿನ ಅಧಿವೇಶನ ಬರಲಿ ಬಿಡಿ" ಎಂದುಬಿಟ್ಟೆ. ಸಮಿತಿಗೂ ಅಧಿವೇಶನಕ್ಕೂ ಸಂಬಂಧವೇ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಆ ತಿಂಗಳಲ್ಲೇ ಸಮಿತಿ ಸೇರಿತು. ದಾಖಲೆ ಇಲ್ಲವೆಂದು ಅವರ ಕಡತ ಪಕ್ಕಕ್ಕೆ ಉಳಿಯಿತು. ಅಷ್ಟರಲ್ಲಿ ಚುನಾವಣೆ ಬಂತು, ಹೊಸ ಸಮಿತಿ ಆಗುವತನಕ ಎಲ್ಲವೂ ನಿಂತಿತು. ಎರಡು ಎಕರೆ ಜಮೀನಿನ ಮಾತು ಅದು. ಆ ರೈತರು ನನ್ನನ್ನು ಬೈಯಲಿಲ್ಲ. "ನಿಮ್ಗೆ ಗೊತ್ತಿರಲಿಲ್ಲ, ಬಿಡಿ ಸಾರ್" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಶಾಸಕರು ಊರಿಗೆ ಬಂದು ವರದಿ ಒಪ್ಪಿಸುವಾಗ ಕೈಕಟ್ಟಿ ಕೇಳಿಸಿಕೊಂಡು ಚಪ್ಪಾಳೆ ತಟ್ಟಿ ಬರುವುದಷ್ಟೇ ಸಾಲದು. ನಾಲ್ಕು ಮಾತು ಕೇಳಬೇಕು. ನಮ್ಮ ತಾಲ್ಲೂಕಿನ ವಿಚಾರವಾಗಿ ಸದನದಲ್ಲಿ ಏನು ಪ್ರಶ್ನೆ ಹಾಕಿದಿರಿ, ಏನು ಉತ್ತರ ಬಂತು? ಮಂತ್ರಿಗಳು ಕೊಟ್ಟ ಭರವಸೆ ಈಗ ಎಲ್ಲಿಗೆ ಬಂದಿದೆ? ಬಗರ್ ಹುಕುಂ ಸಮಿತಿ, ನೀರಾವರಿ ಸಮಿತಿ ಮುಂದೆ ಯಾವತ್ತು ಸೇರುತ್ತವೆ? ಮುಂದಿನ ಅಧಿವೇಶನಕ್ಕೆ ನಮ್ಮ ಯಾವ ಮಾತನ್ನು ಒಯ್ಯುತ್ತೀರಿ? ಮರ್ಯಾದೆಯಾಗಿ ಕೇಳಿದರೆ ಯಾವ ಶಾಸಕರೂ ಬೇಸರಪಡುವುದಿಲ್ಲ.

ಕೇಳುವುದನ್ನು ಬರೆದು ಕೊಡಿ. ಒಂದು ಹಾಳೆ ಸಾಕು. ಊರು, ಸರ್ವೆ ನಂಬರು, ತೂಬಿನ ನಂಬರು, ಅರ್ಜಿ ಕೊಟ್ಟ ತಾರೀಖು ಇಷ್ಟು ಇರಲಿ. ಸ್ವೀಕೃತಿ ಚೀಟಿಯ ನಕಲು ಲಗತ್ತಿಸಿ, ಅಸಲು ನಿಮ್ಮ ಹತ್ತಿರವೇ ಇರಲಿ. ಸದನದಲ್ಲಿ ಪ್ರಶ್ನೆ ಕೇಳುವುದಕ್ಕೆ ಶಾಸಕರು ದಿನಗಳ ಮುಂಚೆಯೇ ಸೂಚನೆ ಕೊಡಬೇಕಾಗುತ್ತದೆ. ಅಧಿವೇಶನದ ಹಿಂದಿನ ದಿನ ನೀವು ಓಡಿಹೋದರೆ ಅವರಾದರೂ ಏನು ಮಾಡಿಯಾರು?

ಶಾಸಕರ ಕೈಯಲ್ಲಿ ಆಗದ್ದನ್ನೂ ತಿಳಿದಿರಬೇಕು. ಬೆಂಬಲ ಬೆಲೆಯನ್ನು ಪ್ರಕಟಿಸುವುದು, ಯೂರಿಯಾ ದರ ಗೊತ್ತುಮಾಡುವುದು ದೆಹಲಿಯ ಕೇಂದ್ರ ಸರ್ಕಾರ. ಕೋರ್ಟಿನಲ್ಲಿರುವ ವ್ಯಾಜ್ಯವನ್ನು ಅವರು ತೀರ್ಮಾನ ಮಾಡಲಾರರು. ಆಗದ್ದನ್ನು ಕೇಳಿ ಸಭೆಯ ಹೊತ್ತು ಕಳೆದರೆ, ಆಗುವುದನ್ನು ಕೇಳುವುದಕ್ಕೆ ಹೊತ್ತು ಉಳಿಯುವುದಿಲ್ಲ.

ಗಾಳಿ ಬಂದಾಗ ತೂರಿಕೋ ಎಂದು ಗಾದೆ ಇದೆ. ಅಧಿವೇಶನ ಎಂಬುದು ಗಾಳಿ ಬೀಸುವ ಕಾಲ. ಆದರೆ ಒಕ್ಕಣೆ ಮುಗಿಸಿ, ಕಣದಲ್ಲಿ ರಾಶಿ ಮಾಡಿ ಇಟ್ಟುಕೊಂಡವರಿಗೆ ತಾನೇ ತೂರುವುದಕ್ಕೆ ಆಗುವುದು? ಆ ಯಜಮಾನರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಅಲ್ಲಿ ಬಾಗಿಲು ಹಾಕಿದ ಮೇಲೂ ನಿಮ್ಮ ಕೆಲಸ ನೋಡಬೇಕಾದವರು ಶಾಸಕರೇ, ಅದನ್ನು ನೆನಪು ಮಾಡಬೇಕಾದವರು ನೀವು.

ನಿಮ್ಮ ಮನೆಯ ಟ್ರಂಕಿನಲ್ಲಿ ಇಂಥ ಒಂದು ಕಾಗದ ಇದ್ದರೆ ಈ ದಿವಸವೇ ತೆಗೆದು ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಗೊತ್ತಿದ್ದರೆ ಹೇಳುತ್ತೇವೆ. ಗೊತ್ತಿಲ್ಲದಿದ್ದರೆ ತಿಳಿದವರಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಮುಂದಿನ ಅಧಿವೇಶನ ಬರಲಿ ಎಂದು ಮಾತ್ರ ಇನ್ನು ನಾನು ಯಾರಿಗೂ ಹೇಳುವುದಿಲ್ಲ.