ಬ್ಯಾಟರಿಗೂ ಉಂಟು ಐದು ಪರೀಕ್ಷೆ!

ಐದೇ ನಿಮಿಷದಲ್ಲಿ ಚಾರ್ಜ್ ಆಗುವ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸಾವಿರ ಕಿಲೋಮೀಟರ್ ಓಡಿಸುವ ಬ್ಯಾಟರಿ, ಉಪ್ಪಿನ ಧಾತುವಿನಿಂದ ತಯಾರಾದ ಬ್ಯಾಟರಿ – ಇಂಥ ಸುದ್ದಿಗಳಿಗೆ ಈಗ ಬರವಿಲ್ಲ. ಸುದ್ದಿ ಓದಿದ ಮಗಳು 'ಸ್ವಲ್ಪ ತಡೆಯೋಣ ಅಪ್ಪಾ, ಇನ್ನೂ ಒಳ್ಳೆಯದು ಬರುತ್ತದಂತೆ' ಎನ್ನುತ್ತಾಳೆ. ಸ್ಕೂಟರಿಗೆಂದು ಹಣ ಹೊಂದಿಸಿಟ್ಟ ಅಪ್ಪನಿಗೆ 'ಬೆಂಕಿ ಹತ್ತಿಕೊಂಡರೆ?' ಎಂಬ ಅಳುಕು. ಅಮ್ಮನಿಗೆ 'ಐದು ವರ್ಷಕ್ಕೆ ಬ್ಯಾಟರಿ ಕೈಕೊಟ್ಟರೆ ಮತ್ತೆ ಅಷ್ಟು ದುಡ್ಡು ಎಲ್ಲಿಂದ ತರುವುದು?' ಎಂಬ ಚಿಂತೆ. ಮೂವರ ಮಾತಿನಲ್ಲೂ ಹುರುಳಿದೆ.

ವಿದ್ಯುತ್ ವಾಹನದಲ್ಲಿ ಅತಿ ದುಬಾರಿ ಭಾಗವೆಂದರೆ ಬ್ಯಾಟರಿ. ಅದು ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ಐದು ಪ್ರಶ್ನೆಗಳಿವೆ. ಒಂದು ಕಿಲೋ ತೂಕದಲ್ಲಿ ಎಷ್ಟು ಶಕ್ತಿ ತುಂಬಿಡಬಹುದು? ಎಷ್ಟು ಬೇಗ ಚಾರ್ಜ್ ಆಗುತ್ತದೆ? ಎಷ್ಟು ವರ್ಷ ಬಾಳುತ್ತದೆ? ಎಷ್ಟು ಸುರಕ್ಷಿತ? ಬೆಲೆ ಎಷ್ಟು? ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದರೂ ಸಮಾಜ ವಿಜ್ಞಾನದಲ್ಲಿ ನಪಾಸಾದರೆ ಫಲಿತಾಂಶ ನಪಾಸೇ. ಬ್ಯಾಟರಿಯ ಕಥೆಯೂ ಹಾಗೆಯೇ. ಐದರಲ್ಲೂ ಪ್ರಥಮ ಸ್ಥಾನ ಪಡೆದ ಬ್ಯಾಟರಿ ಇನ್ನೂ ಹುಟ್ಟಿಲ್ಲ. ಕಳೆದ ಕೆಲವು ದಶಕಗಳ ಪ್ರಗತಿಯೆಲ್ಲ ಒಂದು ವಿಷಯದ ಅಂಕ ಬಿಟ್ಟುಕೊಟ್ಟು ಇನ್ನೊಂದರಲ್ಲಿ ಗಳಿಸುವ ಜಾಣತನದ ಚರಿತ್ರೆ.

ಸೀಸದ ಭಾರ

ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೊದಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಸೀಸದ ಫಲಕಗಳು, ನಡುವೆ ಗಂಧಕಾಮ್ಲ – ಇಷ್ಟೇ ಅದರ ಸರಂಜಾಮು. ಮನೆಯ ಯುಪಿಎಸ್‌ನಲ್ಲಿ, ಲಾರಿ ಬಸ್ಸುಗಳಲ್ಲಿ ಇಂದಿಗೂ ಅದರ ವಂಶಸ್ಥರು ದುಡಿಯುತ್ತಿದ್ದಾರೆ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ಪುಟ್ಟ ಕಾರು 'ರೇವಾ' ಓಡುತ್ತಿದ್ದುದೂ ಸೀಸದ ಬ್ಯಾಟರಿಯಿಂದಲೇ. ಪೂರ್ತಿ ಚಾರ್ಜಿಗೆ ಅದರ ಓಟ ಹೆಚ್ಚೆಂದರೆ 80 ಕಿಲೋಮೀಟರ್.

ಏಕೆ ಅಷ್ಟೇ? ಲೆಕ್ಕ ಮಾಡಿ ನೋಡೋಣ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಹಿಡಿಸುವುದು ಸುಮಾರು 30ರಿಂದ 40 ವಾಟ್-ಗಂಟೆ ಶಕ್ತಿ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಒಂದು 'ಯೂನಿಟ್' ಎಂದರೆ 1000 ವಾಟ್-ಗಂಟೆ. ಹತ್ತು ಯೂನಿಟ್ ಹೊತ್ತೊಯ್ಯಲು ಕನಿಷ್ಠ 250 ಕಿಲೋ ಬ್ಯಾಟರಿ ಬೇಕು. ನಾಲ್ಕು ಜನರ ತೂಕ! ಪೆಟ್ರೋಲಿನಲ್ಲಾದರೋ ಒಂದು ಕಿಲೋಗೆ ಸುಮಾರು 12,000 ವಾಟ್-ಗಂಟೆ ಶಕ್ತಿಯಿದೆ. ಅದರ ಬಹುಪಾಲನ್ನು ಎಂಜಿನ್ ಬಿಸಿಯಾಗಿ ಹೊರಗೆ ಚೆಲ್ಲುತ್ತದೆ, ಆ ಮಾತು ಬೇರೆ. ಆದರೂ ಅಂತರ ಅಗಾಧ. ಸೀಸದ ಬ್ಯಾಟರಿ ಬೆಲೆಯಲ್ಲಿ ಪಾಸು, ತೂಕದಲ್ಲಿ ನಪಾಸು.

ಚಿರೋಟಿಯ ಪದರಗಳಲ್ಲಿ ಲಿಥಿಯಂ

ಸೀಸದ ಪರಮಾಣು ತೂಕ 207. ಆವರ್ತಕೋಷ್ಟಕದ ಮೂರನೆಯ ಧಾತುವಾದ ಲಿಥಿಯಂನದು ಕೇವಲ 7. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದ ಇದು ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಸದಾ ತುದಿಗಾಲಿನಲ್ಲಿ ನಿಂತಿರುತ್ತದೆ. ಬ್ಯಾಟರಿಗೆ ಇದಕ್ಕಿಂತ ಯೋಗ್ಯ ಧಾತು ಉಂಟೇ ಎಂದು ರಸಾಯನಶಾಸ್ತ್ರಜ್ಞರಿಗೆ ಅನ್ನಿಸಿದ್ದು ಸಹಜ.

1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹವನ್ನೇ ಬಳಸಿ ಬ್ಯಾಟರಿ ಮಾಡಿದರು. ಚಾರ್ಜ್ ಮಾಡಿದಂತೆಲ್ಲ ಲೋಹದ ಮೇಲೆ ಸೂಜಿಯಂಥ ಎಳೆಗಳು ಬೆಳೆದು, ಎದುರಿನ ಅಗ್ರವನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುವುದು ಅದರ ತೊಡಕಾಗಿತ್ತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಎನಫ್ ಧನಾಗ್ರಕ್ಕೆ ಕೋಬಾಲ್ಟ್ ಆಕ್ಸೈಡ್ ಬಳಸಿ ಸುಮಾರು 4 ವೋಲ್ಟ್ ಪಡೆದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅಪಾಯಕಾರಿ ಲಿಥಿಯಂ ಲೋಹವನ್ನು ಕೈಬಿಟ್ಟು, ಆ ಜಾಗದಲ್ಲಿ ಇಂಗಾಲವನ್ನು ಇಟ್ಟರು. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಈ ಮೂವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಆಗ ಗುಡ್‌ಎನಫ್ ಅವರಿಗೆ 97 ವರ್ಷ!

ಲಿಥಿಯಂ-ಅಯಾನು ಬ್ಯಾಟರಿ ಕೆಲಸ ಮಾಡುವ ಬಗೆ ಸರಳ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಅದರ ಋಣಾಗ್ರ. ಚಿರೋಟಿಯನ್ನು ಮುರಿದರೆ ಪದರ ಪದರವಾಗಿ ಕಾಣುವುದಿಲ್ಲವೇ? ಗ್ರಾಫೈಟಿನ ರಚನೆಯೂ ಹಾಗೆಯೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನಾಗ್ರದಿಂದ ಹೊರಟು, ವಿದ್ಯುದ್ವಿಭಾಜ್ಯವೆಂಬ ದ್ರವದಲ್ಲಿ ಈಜಿ, ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿಬಳಸಿ ಬರುತ್ತವೆ. ವಾಹನ ಓಡುವಾಗ ಎಲ್ಲವೂ ಹಿಮ್ಮುಖ. ಅಯಾನುಗಳು ಒಳದಾರಿಯಲ್ಲಿ ವಾಪಸು ಹೊರಡುತ್ತವೆ, ಎಲೆಕ್ಟ್ರಾನುಗಳು ಹೊರದಾರಿಯಲ್ಲಿ ಹರಿದು ಮೋಟಾರನ್ನು ತಿರುಗಿಸುತ್ತವೆ. ಉಯ್ಯಾಲೆಯಂತೆ ಈ ಹೋಗಿಬರುವಿಕೆ ಸಾವಿರಾರು ಸಲ ನಡೆಯಬಲ್ಲದು. ಇಂದಿನ ಲಿಥಿಯಂ ಕೋಶಗಳು ಕಿಲೋಗೆ 150ರಿಂದ 270 ವಾಟ್-ಗಂಟೆ ಶಕ್ತಿ ಹಿಡಿಯುತ್ತವೆ. ಸೀಸದಲ್ಲಿ 250 ಕಿಲೋ ತೂಗಿದ ಹತ್ತು ಯೂನಿಟ್‌ಗೆ ಈಗ ಕವಚ, ತಂತಿ ಎಲ್ಲ ಸೇರಿ 60–70 ಕಿಲೋ ಸಾಕು.

ಬೆಂಕಿ ಎಲ್ಲಿಂದ?

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು ಅನೇಕರಿಗೆ ನೆನಪಿದೆ. ಕೇಂದ್ರ ಸರ್ಕಾರ ನಡೆಸಿದ ತನಿಖೆಯಲ್ಲಿ ಕೋಶಗಳಲ್ಲಿ ಹಾಗೂ ಬ್ಯಾಟರಿಯ ವಿನ್ಯಾಸದಲ್ಲಿ ದೋಷಗಳು ಕಂಡುಬಂದವು. ಆ ವರ್ಷದ ಕೊನೆಯಿಂದ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿ ಹಂತಹಂತವಾಗಿ ಜಾರಿಗೆ ತರಲಾಯಿತು.

ಬೆಂಕಿಗೆ ಮೂರು ಬೇಕು – ಉರಿಯುವ ವಸ್ತು, ಆಮ್ಲಜನಕ, ಬಿಸಿ. ಬ್ಯಾಟರಿಯೊಳಗಿನ ದ್ರವ ಸುಲಭವಾಗಿ ಉರಿಯುವಂಥದು. ಕೋಬಾಲ್ಟ್, ನಿಕಲ್‌ಗಳ ಆಕ್ಸೈಡುಗಳು ಅತಿಯಾಗಿ ಬಿಸಿಯಾದರೆ ತಮ್ಮಲ್ಲಿರುವ ಆಮ್ಲಜನಕವನ್ನು ಬಿಟ್ಟುಕೊಡುತ್ತವೆ. ಶಾರ್ಟ್ ಸರ್ಕ್ಯೂಟ್ ಆಗಿ ಬಿಸಿಯೂ ಹುಟ್ಟಿತೆಂದರೆ ಮುಗಿಯಿತು! ಹೊರಗಿನ ಗಾಳಿಯ ಹಂಗೇ ಇಲ್ಲದೆ ಬೆಂಕಿ ಒಂದು ಕೋಶದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಅದನ್ನು ನಂದಿಸುವುದು ಕಷ್ಟವಾಗುವುದು ಇದರಿಂದಲೇ.

ಇದಕ್ಕೆ ಪರಿಹಾರ ದೊರೆತದ್ದು ಒಂದು ಬಡ ವಸ್ತುವಿನಲ್ಲಿ. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಹೊರಬಂದ ಸಂಶೋಧನಾ ಲೇಖನವೊಂದು ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ಧನಾಗ್ರವಾಗಿ ಬಳಸಬಹುದೆಂದು ತೋರಿಸಿತು. ಲೇಖಕರು ಪಾಢಿ, ನಂಜುಂಡಸ್ವಾಮಿ ಮತ್ತು ಅದೇ ಗುಡ್‌ಎನಫ್. ಫಾಸ್ಫೇಟಿನಲ್ಲಿ ರಂಜಕ ಮತ್ತು ಆಮ್ಲಜನಕದ ನಡುವಿನ ಬಂಧ ಬಹಳ ಗಟ್ಟಿ, ಬಿಸಿಯಾದರೂ ಆಮ್ಲಜನಕ ಸುಲಭಕ್ಕೆ ಕಳಚಿಕೊಳ್ಳುವುದಿಲ್ಲ. ದುಬಾರಿ ಕೋಬಾಲ್ಟ್ ಬೇಡ, ನಿಕಲ್ ಬೇಡ. ಕಬ್ಬಿಣಕ್ಕೇನು ಕೊರತೆ?

ಹಾಗಾದರೆ ಎಲ್ಲರೂ ಅದನ್ನೇ ಏಕೆ ಕೂಡಲೇ ಬಳಸಲಿಲ್ಲ? ಅದರ ಕೋಶ ಕೊಡುವುದು ಸುಮಾರು 3.2 ವೋಲ್ಟ್, ನಿಕಲ್-ಕೋಬಾಲ್ಟ್ ಬಗೆಯದು 3.7ರ ಆಸುಪಾಸು. ಜೊತೆಗೆ ಫಾಸ್ಫೇಟಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ. ಕಣಗಳನ್ನು ಅತಿ ಸಣ್ಣದಾಗಿಸಿ, ಅವುಗಳಿಗೆ ಇಂಗಾಲದ ಲೇಪ ಕೊಟ್ಟು ಎರಡನೆಯ ತೊಡಕನ್ನು ನಿವಾರಿಸಲಾಯಿತು. ಮೊದಲನೆಯದಕ್ಕೆ ಉತ್ತರ ಹುಡುಕಿದವರು ಎಂಜಿನಿಯರುಗಳು. ಚೀನಾದ ಬಿವೈಡಿ ಕಂಪನಿ 2020ರಲ್ಲಿ ಕೋಶಗಳನ್ನು ಉದ್ದನೆಯ ತೆಳು ಪಟ್ಟಿಗಳಂತೆ ಮಾಡಿ, ನಡುವಿನ ಡಬ್ಬಿಗಳನ್ನು ತೆಗೆದುಹಾಕಿ ನೇರವಾಗಿ ಜೋಡಿಸಿತು. ಜಾಗ ಉಳಿಯಿತು, ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಸಿತು. 2024ರಲ್ಲಿ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿಗಳಲ್ಲಿ ಸುಮಾರು ಅರ್ಧ ಪಾಲು ಕಬ್ಬಿಣ ಫಾಸ್ಫೇಟಿನದೇ ಆಗಿತ್ತು. ತೂಕದ ಪರೀಕ್ಷೆಯಲ್ಲಿ ಕೆಲವು ಅಂಕ ಕಳೆದುಕೊಂಡು ಸುರಕ್ಷತೆ, ಆಯುಷ್ಯ, ಬೆಲೆ ಮೂರರಲ್ಲೂ ಅದು ಮುಂದೆ ಬಂದಿತ್ತು.

ಐದು ನಿಮಿಷದ ಚಾರ್ಜು

ಮೆಜೆಸ್ಟಿಕ್‌ನಲ್ಲಿ ಬಸ್ಸು ಬಂದು ನಿಂತಾಗ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಏನಾಗುತ್ತದೆ? ಒಳಗೆ ಸೀಟು ಖಾಲಿ ಇದ್ದರೂ ಬಾಗಿಲಲ್ಲೇ ಜನ ಸಿಕ್ಕಿಕೊಳ್ಳುತ್ತಾರೆ. ಅವಸರದ ಚಾರ್ಜಿನಲ್ಲೂ ಹೀಗೇ. ಗ್ರಾಫೈಟಿನ ಪದರಗಳೊಳಗೆ ಸೇರಲಾಗದ ಅಯಾನುಗಳು ಹೊರಮೈ ಮೇಲೆಯೇ ಲೋಹವಾಗಿ ಕೂರುತ್ತವೆ. ಬ್ಯಾಟರಿಯ ಆಯುಷ್ಯ ತಗ್ಗುತ್ತದೆ, ಶಾರ್ಟ್ ಸರ್ಕ್ಯೂಟಿನ ಭಯ ಹೆಚ್ಚುತ್ತದೆ. ಗ್ರಾಫೈಟಿನ ಬಾಗಿಲುಗಳನ್ನು ಹೆಚ್ಚಿಸುವುದು, ಅಯಾನುಗಳು ಬೇಗ ಸಾಗುವಂಥ ದ್ರವ ಬಳಸುವುದು, ಬಿಸಿಯನ್ನು ಹೊರಹಾಕುವುದು – ಸಂಶೋಧನೆ ನಡೆದಿರುವುದು ಈ ದಾರಿಗಳಲ್ಲಿ.

ಫಲ ಕಣ್ಣಿಗೆ ಕಾಣುತ್ತಿದೆ. 2023ರಲ್ಲಿ ಚೀನಾದ ಸಿಎಟಿಎಲ್ ಕಂಪನಿ ಹತ್ತು ನಿಮಿಷದ ಚಾರ್ಜಿಗೆ 400 ಕಿಲೋಮೀಟರ್ ಎಂದು ಘೋಷಿಸಿತು. 2025ರಲ್ಲಿ ಬಿವೈಡಿ ಅದನ್ನು ಐದು ನಿಮಿಷಕ್ಕೆ ಇಳಿಸಿತು. ಆದರೆ ಇವು ಕಂಪನಿಗಳೇ ಹೇಳುವ ಅಂಕಿಗಳು, ಚೀನಾದ ಪರೀಕ್ಷಾ ಕ್ರಮದ ಪ್ರಕಾರ. ನಿಜವಾದ ರಸ್ತೆಯಲ್ಲಿ ಓಟ ಕಡಿಮೆಯಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ. ಐದು ನಿಮಿಷದ ಆ ಚಾರ್ಜಿಗೆ ಬೇಕಾದದ್ದು 1000 ಕಿಲೋವಾಟ್. ಒಂದು ಮನೆಗೆ 4 ಕಿಲೋವಾಟ್ ಎಂದಿಟ್ಟುಕೊಂಡರೆ ಒಂದು ಕಾರು 250 ಮನೆಗಳ ಕರೆಂಟನ್ನು ಒಟ್ಟಿಗೆ ಎಳೆದಂತೆ! ಬ್ಯಾಟರಿ ಸಿದ್ಧವಾದರೆ ಸಾಲದು, ಟ್ರಾನ್ಸ್‌ಫಾರ್ಮರೂ ಸಿದ್ಧವಾಗಬೇಕು.

ಉಪ್ಪಿನ ಧಾತು, ಮಂಡ್ಯದ ಬಂಡೆ

ಭಾರತಕ್ಕೆ ಬೇಕಾದ ಲಿಥಿಯಂ ಬರುವುದು ಹೊರದೇಶಗಳಿಂದ. ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದ ಶಿಲೆಗಳಲ್ಲಿ ಸುಮಾರು 1600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಸಂತೋಷದ ಸುದ್ದಿಯೇ. ಆದರೆ ಒಂದು ಕಾರಿಗೆ 8 ಕಿಲೋ ಲಿಥಿಯಂ ಎಂದಿಟ್ಟುಕೊಂಡರೆ ಅಷ್ಟೂ ಕೈಗೆ ಬಂದರೂ ಎರಡು ಲಕ್ಷ ಕಾರುಗಳಿಗೆ ಮುಗಿಯಿತು. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷಕ್ಕೂ ಹೆಚ್ಚು!

ಆದ್ದರಿಂದಲೇ ಕಣ್ಣು ಸೋಡಿಯಂ ಮೇಲೆ. ಆವರ್ತಕೋಷ್ಟಕದಲ್ಲಿ ಲಿಥಿಯಂನ ನೇರ ಕೆಳಗಿನ ಮನೆಯಲ್ಲಿರುವ ಈ ಧಾತು ಸಮುದ್ರದ ಉಪ್ಪಿನಲ್ಲಿ ಬೇಕಾದಷ್ಟಿದೆ. ಇದೂ ಒಂದೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆದರೆ ತೂಕ 23, ಅಯಾನು ದಪ್ಪ. ಗ್ರಾಫೈಟಿನ ಪದರಗಳಲ್ಲಿ ಅದು ಸುಲಭವಾಗಿ ಕೂರುವುದಿಲ್ಲ. ಪದರಗಳು ಅಸ್ತವ್ಯಸ್ತವಾಗಿರುವ ಬೇರೊಂದು ಬಗೆಯ ಇಂಗಾಲವನ್ನು ಬಳಸಬೇಕಾಗುತ್ತದೆ. ತಾಮ್ರದ ಹಾಳೆಯ ಬದಲು ಅಗ್ಗದ ಅಲ್ಯೂಮಿನಿಯಂ ಹಾಳೆ ಸಾಕಾಗುವುದು ಇದರ ಲಾಭ.

ಸಿಎಟಿಎಲ್ 2021ರಲ್ಲಿ ತನ್ನ ಮೊದಲ ಸೋಡಿಯಂ ಬ್ಯಾಟರಿಯನ್ನು ಪ್ರಕಟಿಸಿತು. 2025ರಲ್ಲಿ ಕಿಲೋಗೆ 175 ವಾಟ್-ಗಂಟೆಯ ಬ್ಯಾಟರಿ ತಂದಿರುವುದಾಗಿ ಹೇಳಿತು. ಅದೇ ವರ್ಷ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3000 ಸಲಕ್ಕೂ ಹೆಚ್ಚು ಚಾರ್ಜ್ ಮಾಡಬಲ್ಲ ಸೋಡಿಯಂ ಬ್ಯಾಟರಿಯನ್ನು ರೂಪಿಸಿತು. ಪ್ರಯೋಗಾಲಯದಿಂದ ಕಾರ್ಖಾನೆಗೆ ದಾರಿ ದೂರವಿದೆ. 2022ರ ನಂತರ ಲಿಥಿಯಂ ಬೆಲೆ ಕುಸಿದದ್ದರಿಂದ ಸೋಡಿಯಂನ ಬೆಲೆಯ ಅನುಕೂಲವೂ ಕುಗ್ಗಿತು. ಆದರೂ ಉಪ್ಪಿಗಾಗಿ ಯಾರ ಬಾಗಿಲನ್ನೂ ಕಾಯಬೇಕಿಲ್ಲ ಎಂಬುದು ಸಣ್ಣ ಮಾತಲ್ಲ.

ಇನ್ನು, ಬಹು ನಿರೀಕ್ಷೆಯ ಘನಸ್ಥಿತಿ ಬ್ಯಾಟರಿ. ಉರಿಯುವ ದ್ರವದ ಬದಲು ಅಯಾನುಗಳು ಸಾಗಬಲ್ಲ ಘನವಸ್ತು ಇಟ್ಟರೆ ಲಿಥಿಯಂ ಲೋಹವನ್ನೇ ಮತ್ತೆ ಬಳಸಬಹುದು, ತೂಕದ ಪರೀಕ್ಷೆಯಲ್ಲಿ ದೊಡ್ಡ ಅಂಕ ಗಳಿಸಬಹುದು ಎಂಬುದು ಲೆಕ್ಕ. ಆದರೆ ದ್ರವ ಎಲ್ಲ ಸಂದಿಗೂ ಹರಿದು ಅಂಟಿಕೊಳ್ಳುತ್ತದೆ, ಘನ ಹಾಗಲ್ಲ. ಚಾರ್ಜ್ ಆದಾಗ ಹಿಗ್ಗಿ, ಖಾಲಿಯಾದಾಗ ಕುಗ್ಗುವ ಲೋಹದ ಜೊತೆ ಅದು ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲಿ ಹಳೆಯ ಸೂಜಿ ಎಳೆಗಳು ಮತ್ತೆ ಇಣುಕುತ್ತವೆ. ಟೊಯೊಟಾ ಕಂಪನಿ 2027–28ರ ಗುರಿ ಇಟ್ಟುಕೊಂಡಿದೆ. ಬಂದರೂ ಮೊದಲು ಬರುವುದು ದುಬಾರಿ ಕಾರುಗಳಲ್ಲಿ, ಮಧ್ಯಮ ವರ್ಗದ ಸ್ಕೂಟರಿನಲ್ಲಲ್ಲ.

ಮನೆಯವರು ಕೇಳಬೇಕಾದದ್ದು

ಹಾಗಿದ್ದರೆ ಕೊಳ್ಳುವುದೋ, ಕಾಯುವುದೋ? ಲಿಥಿಯಂ ಬ್ಯಾಟರಿಯ ಒಂದು ಯೂನಿಟ್ ಸಾಮರ್ಥ್ಯಕ್ಕೆ 2010ರಲ್ಲಿ 1000 ಡಾಲರಿಗೂ ಹೆಚ್ಚಿದ್ದ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು. ಇದು ಒಂದೇ ದಿನದ ಪವಾಡವಲ್ಲ, ವರ್ಷ ವರ್ಷವೂ ಕೂಡಿಬಂದ ಸಣ್ಣ ಸಣ್ಣ ಸುಧಾರಣೆಗಳ ಮೊತ್ತ. ಪವಾಡಕ್ಕೆ ಕಾಯುವವರು ಕಾಯುತ್ತಲೇ ಇರಬೇಕಾದೀತು. ನಿತ್ಯ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಾಡುವ ಕುಟುಂಬಕ್ಕೆ ಇಂದಿನ ಬ್ಯಾಟರಿಯೇ ಧಾರಾಳ ಸಾಕು.

ಅಂಗಡಿಯಲ್ಲಿ ಬಣ್ಣ, ಪರದೆಗಳಿಗಿಂತ ಮೊದಲು ಕೇಳಬೇಕಾದವು ಬೇರೆ. ಬ್ಯಾಟರಿಯ ರಸಾಯನ ಯಾವುದು, ಕಬ್ಬಿಣ ಫಾಸ್ಫೇಟೋ ನಿಕಲ್ ಬಗೆಯೋ? ವಾರಂಟಿ ಎಷ್ಟು ವರ್ಷ, ಆ ಅವಧಿಯ ಕೊನೆಗೆ ಎಷ್ಟು ಸಾಮರ್ಥ್ಯ ಉಳಿಯುವ ಭರವಸೆಯಿದೆ? ಹೊಸ ಬ್ಯಾಟರಿಗೆ ಬೆಲೆ ಎಷ್ಟು? ಮನೆಗೆ ತಂದ ಮೇಲೆ ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಬೇಕು. ಬಿಸಿಲಿನಲ್ಲಿ ಓಡಿಸಿ ತಂದ ಕೂಡಲೇ ಚಾರ್ಜಿಗೆ ಹಾಕದೆ ಆರಲು ಬಿಡಬೇಕು. ಹೊರಬರುವ ಬಾಗಿಲಿಗೆ ಅಡ್ಡವಾಗಿ, ಎಲ್ಲರೂ ಮಲಗಿರುವಾಗ ಚಾರ್ಜ್ ಮಾಡಬಾರದು. ಉಬ್ಬಿದ, ಏಟು ತಿಂದ, ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಬೀದಿಬದಿ ರಿಪೇರಿಗೆ ಕೊಡದೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ತಿಳಿಸಬೇಕು. ಹಳೆಯ ಬ್ಯಾಟರಿ ಗುಜರಿಗಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದರ ವಿಲೇವಾರಿಯ ಹೊಣೆ ತಯಾರಕರದು. ಅದರೊಳಗಿನ ಲಿಥಿಯಂ, ತಾಮ್ರ ಮತ್ತೆ ಕೆಲಸಕ್ಕೆ ಬರುವ ಸಂಪತ್ತು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ತೂಕ, ವೇಗ, ಆಯುಷ್ಯ, ಸುರಕ್ಷತೆ, ಬೆಲೆ. ಬ್ಯಾಟರಿಯ ಬಗ್ಗೆ ಹೊಸ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಹೇಳಿರುವುದನ್ನು ತುಂಬುತ್ತ ಹೋಗಿ. ಸುದ್ದಿ ಸಾಮಾನ್ಯವಾಗಿ ಒಂದೋ ಎರಡೋ ಕಾಲಂ ತುಂಬುತ್ತದೆ. ಉಳಿದವು ಏಕೆ ಖಾಲಿ ಎಂದು ಕೇಳುವುದನ್ನು ಕಲಿತರೆ ಅರ್ಧ ವಿಜ್ಞಾನ ಕಲಿತಂತೆ. ಮುಂದೊಂದು ದಿನ ಆ ಖಾಲಿ ಕಾಲಂಗಳಲ್ಲಿ ಒಂದನ್ನಾದರೂ ನಿಮ್ಮಲ್ಲಿ ಯಾರೋ ತುಂಬಬೇಕಾಗಿದೆ.