ಉಸಿರಿನ ನಳಿಗೆ ಇಳಿಸುವ ಮುನ್ನ

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಹೋಗಿದ್ದ ನನ್ನ ಸೋದರತ್ತೆ ತಾವು ಬಿಪಿ ಮಾತ್ರೆ ನುಂಗುತ್ತಿರುವ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಹೇಳಲೇ ಇಲ್ಲ. ಹೇಳಿದರೆ ಆಪರೇಷನ್ ಮುಂದಕ್ಕೆ ಹೋದೀತೆಂಬ ಭಯ. ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂತಹ ಹಿರಿಯರಿರಬಹುದು. ಮುಚ್ಚಿಟ್ಟ ಆ ಒಂದು ಮಾತು ಎಷ್ಟು ದುಬಾರಿಯಾದೀತು ಗೊತ್ತೇ?

ಪೂರ್ಣ ಅರಿವಳಿಕೆ ಕೊಟ್ಟಾಗ ಸಾಮಾನ್ಯವಾಗಿ ರೋಗಿಯ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಗೆಯೊಂದನ್ನು ಇಳಿಸುತ್ತಾರೆ. ಅದಕ್ಕಾಗಿ ಲ್ಯಾರಿಂಗೋಸ್ಕೋಪ್ ಎಂಬ ಉಪಕರಣದಿಂದ ನಾಲಿಗೆಯ ಬುಡವನ್ನು ಎತ್ತಿ ಹಿಡಿಯಬೇಕು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೂ ಗಂಟಲಿನ ನರಗಳು ಸುಮ್ಮನಿರುವುದಿಲ್ಲ. ಅಡ್ರಿನಲಿನ್‌ನಂತಹ ಹಾರ್ಮೋನುಗಳು ರಕ್ತಕ್ಕೆ ನುಗ್ಗಿ, ನೋಡುನೋಡುತ್ತಿದ್ದಂತೆ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಆರೋಗ್ಯವಂತರಲ್ಲಿ ಕೆಲವೇ ನಿಮಿಷಗಳಲ್ಲಿ ಇದು ಇಳಿಯುತ್ತದೆ. ಬಿಪಿ ಇರುವವರಿಗೆ, ಹೃದ್ರೋಗಿಗಳಿಗೆ ಆ ಕೆಲವು ನಿಮಿಷಗಳೇ ಅಪಾಯ.

ಈ ಏರಿಕೆಯನ್ನು ತಗ್ಗಿಸಲು ವೈದ್ಯರು ಹೆಚ್ಚಾಗಿ ಬಳಸುವ ಮದ್ದು ಫೆಂಟನಿಲ್. 1960ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸೆನ್ ತಯಾರಿಸಿದ ಇದು, ಅಫೀಮಿನಿಂದ ಸಿಗುವ ಮಾರ್ಫಿನ್‌ನ ಗುಂಪಿಗೆ ಸೇರಿದ್ದು; ಅದಕ್ಕಿಂತ 50ರಿಂದ 100 ಪಟ್ಟು ಪ್ರಬಲ. ದೇಹತೂಕದ ಪ್ರತಿ ಕಿಲೋಗೆ 2 ಮೈಕ್ರೋಗ್ರಾಂನಂತೆ ಕೊಟ್ಟರೆ, 60 ಕಿಲೋದ ಮಹಿಳೆಗೆ ಒಂದು ಮಿಲಿಗ್ರಾಂನ ಎಂಟನೇ ಒಂದು ಭಾಗವೂ ಆಗುವುದಿಲ್ಲ. ಪೂರ್ತಿ ಪರಿಣಾಮಕ್ಕೆ ಮೂರರಿಂದ ಐದು ನಿಮಿಷ ಬೇಕಾದ್ದರಿಂದ ನಳಿಗೆ ಇಳಿಸುವ ಮೊದಲೇ ಚುಚ್ಚುತ್ತಾರೆ. ಪ್ರಮಾಣ ಹೆಚ್ಚಾದರೆ ಉಸಿರು ಕುಗ್ಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದಲೇ ವೃದ್ಧರಿಗೆ ಕಡಿಮೆ.

"ಅಮಲಿನ ಮದ್ದಲ್ಲವೇ?" ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಸಾವಿರಾರು ಜನರ ಪ್ರಾಣ ತೆಗೆದದ್ದೂ ಕಳ್ಳದಾರಿಯಲ್ಲಿ ಬಂದ ಫೆಂಟನಿಲ್ಲೇ. ಆದರೆ ಅಮಲಿಗಾಗಿ ಸೇವಿಸುವುದು ಬೇರೆ, ಪ್ರಾಣ ಕಾಪಾಡಲು ವೈದ್ಯರು ಅಳೆದು ಕೊಡುವುದು ಬೇರೆ. ಆಪರೇಷನ್ ಟೇಬಲ್ ಮೇಲೆ ಕೊಡುವ ಈ ಒಂದು ಡೋಸ್‌ನಿಂದ ಯಾರೂ ವ್ಯಸನಿಯಾಗುವುದಿಲ್ಲ.

ಗರ್ಭಿಣಿಯರ ವಿಷಯ ಮಾತ್ರ ಸೂಕ್ಷ್ಮ. ಈ ಮದ್ದು ಮಾಸುಚೀಲವನ್ನು ದಾಟಿ ಮಗುವಿನ ಉಸಿರನ್ನೂ ಕುಗ್ಗಿಸಬಲ್ಲದು. ಹಾಗಾಗಿ ಪೂರ್ಣ ಅರಿವಳಿಕೆಯ ಸಿಸೇರಿಯನ್‌ನಲ್ಲಿ ಮಗು ಹೊರಬಂದ ಮೇಲೆ ಕೊಡುವುದೇ ವಾಡಿಕೆ. ಆದರೆ ತಾಯಿಗೆ ಬಿಪಿ ವಿಪರೀತ ಏರಿದ್ದರೆ, ನಳಿಗೆ ಇಳಿಸುವಾಗ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವಿರುತ್ತದೆ. ಆಗ ಇಂತಹ ಮದ್ದನ್ನೋ ಬಿಪಿ ಇಳಿಸುವ ಬೇರೆ ಮದ್ದನ್ನೋ ಮೊದಲೇ ಕೊಟ್ಟು, ಮಗುವಿನ ಉಸಿರಾಟ ನೋಡಿಕೊಳ್ಳಲು ಮಕ್ಕಳ ವೈದ್ಯರನ್ನು ಪಕ್ಕದಲ್ಲಿರಿಸಿಕೊಳ್ಳುತ್ತಾರೆ.

ಇದೆಲ್ಲವನ್ನೂ ನಿರ್ಧರಿಸುವುದು ನೀವು ಕೊಡುವ ಮಾಹಿತಿಯ ಮೇಲೆ. ನುಂಗುವ ಮಾತ್ರೆಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಜೋರಾಗಿ ಗೊರಕೆ ಹೊಡೆಯುವವರಾದರೆ ನಾಚದೆ ಅದನ್ನೂ ಹೇಳಿ. ಆಪರೇಷನ್ ದಿನ ಬೆಳಿಗ್ಗೆ ಯಾವ ಮಾತ್ರೆ ನುಂಗಬೇಕು, ಯಾವುದು ಬೇಡ ಎಂದು ಕೇಳಿ ಬರೆದುಕೊಳ್ಳಿ.

ಅತ್ತೆಯ ಚೀಲದಲ್ಲಿದ್ದ ಮಾತ್ರೆಗಳನ್ನು ಅವರ ಸೊಸೆ ಹಿಂದಿನ ದಿನ ಸಂಜೆಯೇ ವೈದ್ಯರ ಮುಂದಿಟ್ಟಳು. ಆಪರೇಷನ್ ಮುಂದಕ್ಕೇನೂ ಹೋಗಲಿಲ್ಲ. ಅತ್ತೆ ಮಾತ್ರ ಎರಡು ದಿನ ಸೊಸೆಯ ಜತೆ ಮಾತನಾಡಲಿಲ್ಲ.